ಅಳತೆಯ ಕೂಸು

ಸಾಹುಕಾರರ ಮೊಮ್ಮಗಳಿಗೆ ಕಾರಿನ ಸೀಟು ಆರಿಸಲು ಡ್ರೈವರ್ ಭೀಮೇಶನ ಮಗಳನ್ನು ಅಳತೆಗೆ ಒಯ್ದರು.

ಒಯ್ದವನೂ ಅವನೇ. ಕೊಟ್ಟೂರು ದಾಟಿ ಕಾರು ಹರಪನಹಳ್ಳಿ ರಸ್ತೆಗೆ ಬಿದ್ದಾಗ ಬೆಳಗಿನ ಹತ್ತು ಗಂಟೆ. ಹಿಂದಿನ ಸೀಟಿನಲ್ಲಿ ಮರುಳಪ್ಪ ಸಾಹುಕಾರರ ಹೆಂಡತಿ ಕೊಟ್ರಮ್ಮನವರು ಕಣ್ಣು ಮುಚ್ಚಿ ಕೂತಿದ್ದರು. ಅವರ ಪಕ್ಕದಲ್ಲಿ ನೀರಿನ ಬಾಟಲಿ, ಅವರ ಕೈಚೀಲ, ದಾರಿಯಲ್ಲಿ ಕೊಂಡ ಒಂದು ಕೇಜಿ ಬೆಲ್ಲದ ಪೊಟ್ಟಣ, ಇಷ್ಟೂ ಆರಾಮವಾಗಿ ಕಾಲು ಚಾಚಿ ಕೂತಿದ್ದವು. ಮುಂದೆ, ಭೀಮೇಶನ ಪಕ್ಕದಲ್ಲಿ, ಎರಡು ವರ್ಷ ಎರಡು ತಿಂಗಳ ಸಂಘಮಿತ್ರಾ. ದೊಡ್ಡವರ ಅಳತೆಯ ಬೆಲ್ಟು ಅವಳ ಎದೆಗೆ ಬರುವ ಬದಲು ಕುತ್ತಿಗೆಗೆ ಬರುತ್ತಿತ್ತು. ಅದನ್ನು ಬಿಚ್ಚಿ, ಎಡಗೈಯಿಂದ ಅವಳ ಹೊಟ್ಟೆಯನ್ನು ಸೀಟಿಗೆ ಒತ್ತಿ ಹಿಡಿದು, ಗೇರು ಬದಲಿಸುವಾಗ ಮಾತ್ರ ಕೈ ತೆಗೆಯುತ್ತಿದ್ದ. ಕೈ ತೆಗೆದ ಅಷ್ಟು ಹೊತ್ತು ಉಸಿರೂ ನಿಲ್ಲುತ್ತಿತ್ತು. ಕೂಡ್ಲಿಗಿ ಹತ್ತಿರ ಹೆದ್ದಾರಿಯಲ್ಲಿ ಅವನೊಮ್ಮೆ ಒಂದು ಕಾರಿನ ಮುಂದಿನ ಗಾಜು ನೋಡಿದ್ದ. ಗಾಜಿನಲ್ಲಿ ತೆಂಗಿನಕಾಯಿ ಗಾತ್ರದ ತೂತು. ತಾಯಿಯ ತೊಡೆ ಮೇಲಿದ್ದ ಕೂಸು ಹಾರಿ ಹೋದ ತೂತು ಅದು. ನೋಡಿದವನು ಮರೆಯಬೇಕಲ್ಲ. ಮರೆಯದವನೇ ದಿನಾ ಬೆಳಿಗ್ಗೆ ಮಗಳನ್ನು ಬೈಕಿನ ಪೆಟ್ರೋಲ್ ಟ್ಯಾಂಕಿನ ಮೇಲೆ ಕೂರಿಸಿಕೊಂಡು, ಹಿಂದೆ ಹೆಂಡತಿಯನ್ನು ಕೂರಿಸಿಕೊಂಡು, ಅಂಗನವಾಡಿಗೆ ಬಿಡುತ್ತಿದ್ದ. ಆ ಹೊತ್ತಿಗೆ ತೂತು ನೆನಪಾಗುತ್ತಿರಲಿಲ್ಲ. ಸಾಹುಕಾರರ ಕಾರಿನ ಒಳಗೆ ಕೂತಾಗ ಮಾತ್ರ ನೆನಪಾಗುತ್ತಿತ್ತು. ಹೆದರುವುದಕ್ಕೂ ಒಂದು ಕಾರು ಬೇಕೇನೋ ಅಂದುಕೊಂಡ.

ಮಾತು ಬಂದದ್ದು ನಿನ್ನೆ ಸಂಜೆ. ಸಾಹುಕಾರರ ಮಗಳು ಶೃತಿ ಬೆಳಗಾವಿಯಲ್ಲಿ ಡಾಕ್ಟರು. ಸೋಮವಾರ ಬರುತ್ತೇನೆ, ಆದರೆ ನನ್ನ ಮಗುವನ್ನು ಯಾರ ತೊಡೆ ಮೇಲೂ ಕೂರಿಸುವುದಿಲ್ಲ, ಅಪ್ಪನ ಕಾರಿನಲ್ಲಿ ಮಕ್ಕಳ ಸೀಟು ಇದ್ದರೆ ಮಾತ್ರ ಹತ್ತುತ್ತೇನೆ, ಮಗು ಹಿಂದಕ್ಕೆ ಮುಖ ಮಾಡಿ ಕೂರುವಂಥದ್ದು, ಅದೂ ತಿರುಗುವಂಥದ್ದು, ನನಗೆ ಸೊಂಟ ಬಗ್ಗಿಸಲು ಆಗುವುದಿಲ್ಲ ಎಂದು ಸಂದೇಶ ಕಳಿಸಿದ್ದಳು. ಕೊಟ್ರಮ್ಮನವರು ಪಡಸಾಲೆಯಲ್ಲಿ ಅದನ್ನು ಜೋರಾಗಿ ಓದಿ, ಕೂಸು ಇಲ್ಲದೆ ಕೂಸಿನ ಸೀಟು ಹೆಂಗೆ ಆರಿಸುವುದು ಎಂದು ಗೋಡೆಯನ್ನು ಕೇಳಿದ್ದರು. ಹೊಸ್ತಿಲ ಹೊರಗೆ ಕಾರಿನ ಕೀಲಿ ಹಿಡಿದು ನಿಂತಿದ್ದ ಭೀಮೇಶ, ಯಾರೂ ಕೇಳದೆ, "ನಮ್ಮ ಮಿತ್ರಾನೂ ಅಷ್ಟ ಅದಾಳ್ರಿ ಅಮ್ಮಾರ" ಅಂದುಬಿಟ್ಟ. ಯಾಕೆ ಅಂದೆ? ಹೊಸ್ತಿಲ ಈಚೆ ನಿಂತು ಎಂಟು ವರ್ಷವಾದ ಮೇಲೆ, ನಿಮ್ಮ ಮೊಮ್ಮಗಳು ಹುಟ್ಟಿದ ತಿಂಗಳೇ ನನ್ನ ಮಗಳೂ ಹುಟ್ಟಿದಳು, ಅವಳಿಗೂ ಅಷ್ಟೇ ಎತ್ತರ, ಅಷ್ಟೇ ಹಲ್ಲು ಎಂದು ಒಮ್ಮೆಯಾದರೂ ಆ ಮನೆಯ ಕಿವಿಗೆ ಹಾಕುವ ಚಟ. ಕೊಟ್ರಮ್ಮನವರು ಅವನನ್ನು ಮೊದಲ ಸಲ ನೋಡಿದವರ ಹಾಗೆ ನೋಡಿ, "ಹಂಗಾರ ನಾಳಿ ಕರ್ಕಂಬಾ. ಮೈ ತೊಳ್ಸಿ ಕರ್ಕಂಬಾ" ಅಂದಿದ್ದರು. ಮೊದಲ ಮಾತಿಗೆ ಅವನು ಹಿಗ್ಗಿದ್ದ. ಎರಡನೆಯದು ಮನೆ ಮುಟ್ಟುವ ತನಕ ಜೋಳದ ತೌಡಿನ ಹಾಗೆ ಗಂಟಲಲ್ಲಿ ತುರಿಸುತ್ತಿತ್ತು.

ಹೆಂಡತಿ ಮಂಜಮ್ಮ ಅಂಗನವಾಡಿಯಲ್ಲಿ ಸಹಾಯಕಿ. ಊರ ಮಕ್ಕಳನ್ನೆಲ್ಲ ತೂಗಿ ಬರೆದಿಡುವವಳು. ರೊಟ್ಟಿ ತಟ್ಟುತ್ತಿದ್ದವಳು ಕೈ ನಿಲ್ಲಿಸದೆ ಕೇಳಿಸಿಕೊಂಡಳು. "ಅಳತಿಗೆ ಒಯ್ಯಾಕ ಅಕಿ ಕೂಸೋ, ಚಪ್ಲಿ ಅಚ್ಚೋ?" ಅಂದಳು. ಬೆಳಿಗ್ಗೆ ಅವನು ಬಿಸಿನೀರು ತೋಡಿಟ್ಟರೆ, "ದಿನಾ ಮೈ ತೊಳಿತೀನಿ. ಇವತ್ತೊಂದಿನ ತೊಳ್ಯಂಗಿಲ್ಲ" ಎಂದು ಚೀಲ ಹೆಗಲಿಗೇರಿಸಿ ಹೊರಟೇ ಹೋದಳು. ಅವನೇ ತೊಳೆದ. ಕಿವಿಯ ಹಿಂದೆ, ಕತ್ತಿನ ಮಡಿಕೆಯಲ್ಲಿ, ಉಗುರಿನ ಸಂದಿಯಲ್ಲಿ, ಯಾರೋ ಬಂದು ಪರೀಕ್ಷೆ ಮಾಡುವವರಿದ್ದಾರೆ ಎಂಬಂತೆ ತೊಳೆದ. ಕೂಸು ನೀರಿನಲ್ಲಿ ಕೈ ಬಡಿದು ನಗುತ್ತಿತ್ತು. ಎರಡನೆಯ ಸಲ ಸೋಪು ಹಚ್ಚುವಾಗ ಅವನ ಕೈ ತಡೆಯಿತು. ಒಂದು ಸಲ ತೊಳೆದದ್ದು ಮಗಳಿಗಾಗಿ. ಈ ಎರಡನೆಯದು ಯಾರಿಗಾಗಿ? ಆದರೂ ಹಚ್ಚಿದ.

ಚಪ್ಪಲಿ ಅಚ್ಚು ಎಂದು ಅವಳು ಸುಮ್ಮನೆ ಅಂದದ್ದಲ್ಲ. ಭೀಮೇಶನ ತಾತ ಸೋಮಪ್ಪ ಇದೇ ಮನೆಗೆ, ಮರುಳಪ್ಪನವರ ತಂದೆಗೆ, ಚಪ್ಪಲಿ ಹೊಲಿದು ಕೊಡುತ್ತಿದ್ದ. ಕಾಲು ಮುಟ್ಟುವಂತಿರಲಿಲ್ಲ. ಹಿರೀ ಸಾಹುಕಾರರು ಅಂಗಳದಲ್ಲಿ ಹಸಿ ಮರಳಿನ ಮೇಲೆ ಕಾಲೂರಿ ಒಳಗೆ ಹೋಗುವರು. ಅವರು ಒಳಗೆ ಹೋದ ಮೇಲೆ ತಾತ ಬಗ್ಗಿ, ಆ ಗುರುತಿನ ಮೇಲೆ ಜೋಳದ ದಂಟಿನ ಸಿಬಿರು ಇಟ್ಟು, ಹೆಬ್ಬೆರಳಿಂದ ಹಿಮ್ಮಡಿಗೆ, ಉಂಗುಟದಿಂದ ಕಿರುಬೆರಳಿಗೆ ಅಳೆದು ಮುರಿದುಕೊಳ್ಳುವನು. ಮರಳು ಸಡಿಲವಿದ್ದರೆ ಗುರುತು ಹಿಗ್ಗಿ ಚಪ್ಪಲಿ ದೊಡ್ಡದಾಗುತ್ತಿತ್ತು. ಆಗ ಬೈಗುಳ ಮರಳಿಗಲ್ಲ, ತಾತನಿಗೆ. ಸಾಯುವ ತನಕ ತಾತ ಇದನ್ನು ಹೆಮ್ಮೆಯಿಂದ ಹೇಳುತ್ತಿದ್ದ: ಮುಟ್ಟದಂಗ ಅಳತಿ ತಗಳೋ ಕೈ ನಂದು. ಕಾಲೇಜಿನ ದಿನಗಳಲ್ಲಿ ಓದುವ ಬಳಗದ ಗೆಳೆಯರ ಮುಂದೆ ಭೀಮೇಶ ಆ ಹೆಮ್ಮೆಗೆ ನಾಚಿ, ಅದರ ಮೇಲೆ ಭಾಷಣವನ್ನೇ ಮಾಡಿದ್ದ. ಈಗ ಹೊಲಗಳು ಹಿಂದೆ ಸರಿಯುತ್ತಿದ್ದವು, ಕುರಿಗಳು ರಸ್ತೆ ದಾಟುತ್ತಿದ್ದವು, ಅವನು ಬ್ರೇಕು ಒತ್ತಿ ಮಗಳ ಹೊಟ್ಟೆಯನ್ನು ಇನ್ನಷ್ಟು ಬಿಗಿಯಾಗಿ ಹಿಡಿದ. ತಾತ ಒಯ್ಯುತ್ತಿದ್ದುದು ಬರೀ ಸಿಬಿರು. ಮೊಮ್ಮಗ ಒಯ್ಯುತ್ತಿರುವುದು ಕೂಸನ್ನು.

ಹರಪನಹಳ್ಳಿಯಲ್ಲಿ ಅಂಗಡಿ ಹೊಸದು, ಮಕ್ಕಳ ಸಾಮಾನಿನದು, ಗಾಜಿನ ಬಾಗಿಲು. ಅಲ್ಲಿ ಮಾರುವವನ ಹೆಸರು ಶ್ರೀನಿವಾಸ ಎಂದು ಅಂಗಿಯ ಜೇಬಿನ ಮೇಲೆ ಹೊಲಿದಿತ್ತು. ಅವನು ಬಂದವನೇ ಮಿತ್ರಾಳನ್ನು ಭೀಮೇಶನ ಸೊಂಟದಿಂದ ಎತ್ತಿಕೊಂಡು, ಕೆನ್ನೆ ಹಿಂಡಿ, ನೆಲದ ಮೇಲಿದ್ದ ಸೀಟಿನಲ್ಲಿ ಕೂರಿಸಿ, "ಅಜ್ಜೀದೇ ಮೂಗು ನೋಡ್ರಿ ಪಾಪುಗೆ" ಅಂದ. ಕೊಟ್ರಮ್ಮನವರು ತಮ್ಮ ಮೂಗು ಮುಟ್ಟಿಕೊಂಡರು. "ನಮ್ದಲ್ಲಪ್ಪ ಅದು. ಡ್ರೈವರಂದು. ಅಳತಿಗೆ ಕರ್ಕಂಬಂದೀವಿ." ಶ್ರೀನಿವಾಸನ ಕೈ ಬೆಲ್ಟಿನ ಮೇಲಿತ್ತು. ಆ ಕೈ ಒಂದು ಗಳಿಗೆ ನಿಂತಿತೋ ಇಲ್ಲವೋ. ನಿಂತಿತು ಎಂದು ಭೀಮೇಶನಿಗೆ ಅನಿಸಿತು. ನಿಲ್ಲಲಿಲ್ಲ, ಗುಂಡಿ ಹುಡುಕುತ್ತಿದ್ದ ಅಷ್ಟೇ ಎಂದೂ ಅನಿಸಿತು. ಇಡೀ ಬದುಕೇ ಇಂಥ ಕೈಗಳನ್ನು ನೋಡುವುದರಲ್ಲಿ ಹೋಯಿತಲ್ಲ ಅಂದುಕೊಂಡ. ಲೋಟ ಚಾಚುವ ಕೈ, ಚಿಲ್ಲರೆ ಇಡುವ ಕೈ. ನಿಂತಿತೇ, ನಿಲ್ಲಲಿಲ್ಲವೇ. ಉಳಿದವರು ಕೈ ನೋಡುವುದಿಲ್ಲ, ಸಾಮಾನು ನೋಡುತ್ತಾರೆ.

ಅವನೂ ಸಾಮಾನು ನೋಡಿದ. ಎರಡು ಸೀಟು ಇದ್ದವು. ಒಂದು ಗಾಣದ ಹಾಗೆ ಸುತ್ತಲೂ ತಿರುಗುತ್ತಿತ್ತು. ಇನ್ನೊಂದು ಬಾಗಿಲ ಕಡೆಗೆ ಮಾತ್ರ ಹೊರಳುತ್ತಿತ್ತು, ಅದೂ ಕೂಸು ಮುಂದಕ್ಕೆ ಮುಖ ಮಾಡಿ ಕೂತಿದ್ದಾಗ. ಹಿಂದಕ್ಕೆ ಮುಖ ಮಾಡಿಸಿದರೆ ಮೊಂಡು ಎತ್ತಿನ ಹಾಗೆ ನಿಂತುಬಿಡುತ್ತಿತ್ತು. ಶ್ರೀನಿವಾಸ ವಿವರಿಸಿದ: ಇಷ್ಟು ಸಣ್ಣ ಮಕ್ಕಳು ಹಿಂದಕ್ಕೇ ಮುಖ ಮಾಡಿ ಕೂರಬೇಕು, ಬ್ರೇಕು ಹೊಡೆದರೆ ತಲೆ ಮುಂದಕ್ಕೆ ಎಗರುವುದಿಲ್ಲ, ಬೆನ್ನು ಪೂರಾ ಸೀಟಿಗೆ ಆನಿಕೊಳ್ಳುತ್ತದೆ. ಕೊಟ್ರಮ್ಮನವರಿಗೆ ಒಪ್ಪಿಗೆಯಾಗಲಿಲ್ಲ. ದಾರಿಗೆ ಬೆನ್ನು ಮಾಡಿ ಕೂತರೆ ಕೂಸು ಊರು ಕೇರಿ ನೋಡುವುದು ಹೆಂಗೆ, ಬೆನ್ನು ತೋರಿಸಿಕೊಂಡು ಊರಿಗೆ ಬರುವುದು ಶುಭವೇ ಎಂದರು. ಭೀಮೇಶ ಬಾಯಿ ಹಾಕಿದ. ಡಾಕ್ಟರಮ್ಮನೂ ಹಿಂದಕ್ಕೇ ಅಂತ ಬರೆದಾರ್ರೀ ಅಂದ. ಕಾರಿನ ಸೀಟಿನ ಬೆನ್ನಿನ ಸಂದಿಯಲ್ಲಿ ಎರಡು ಕಬ್ಬಿಣದ ಕೊಂಡಿ ಇವೆ, ಇದು ಅದಕ್ಕೇ ಕಚ್ಚಿಕೊಳ್ಳುವುದು ಎಂದ. ಆ ಕಾರಿನಲ್ಲಿ ಅಂಥದ್ದು ಇದೆಯೆಂದು ಅದರ ಒಡೆಯರಿಗೆ ಗೊತ್ತಿರಲಿಲ್ಲ. ಅವನು ಸೀಟನ್ನು ಅಲುಗಾಡಿಸಿದ. ತಿರುಗಿಸಿ ನಿಲ್ಲಿಸಿದ, ಮತ್ತೆ ತಿರುಗಿಸಿದ, ಒಂದೇ ಕೈಯಲ್ಲಿ ಆಗುತ್ತದೆಯೇ ನೋಡಿದ, ನಿಂತ ಮೇಲೆ ಕಟ್ ಎಂದು ಕಚ್ಚುತ್ತದೆಯೇ ಕಿವಿಗೊಟ್ಟು ಕೇಳಿದ. ಬೆಲ್ಟಿನ ಅಡಿಯಲ್ಲಿ ಒಂದು ಬೆರಳು ತೂರಿಸಿ ಮಗಳ ಎದೆ ಬಡಿತ ಮುಟ್ಟಿದ. ಮಗಳು ಸುತ್ತು ಬರುತ್ತಿದ್ದಳು. ಪ್ರತಿ ಸುತ್ತಿಗೂ ಅವಳ ಮುಖ ಬಂದು ನಕ್ಕು ಹೋಗುತ್ತಿತ್ತು, ಮತ್ತೆ ಬರುತ್ತಿತ್ತು. ಪೂರ್ತಿ ಸುತ್ತುವುದೇ ಇರಲಿ, ತಲೆಯ ಎರಡೂ ಕಡೆ ದಪ್ಪ ಇರುವುದೇ ಇರಲಿ ಎಂದು ಹೇಳಿದ್ದು ಅವನೇ. ಬೆಳಗಾವಿಯ ಕೂಸು ಅವನ ಕಣ್ಣ ಮುಂದೆ ಒಂದು ಸಲವೂ ಬರಲಿಲ್ಲ. ಅವನು ಆರಿಸಿದ್ದು ತನ್ನ ಮಗಳಿಗೆ. ಆರಿಸಿ ಮುಗಿದ ಮೇಲೆ ಅದು ನೆನಪಾಗಿ ಸೀಟಿನಿಂದ ಕೈ ತೆಗೆದ.

ಅಲ್ಲಿಗೆ ಮುಗಿಯಬಹುದಿತ್ತು. ಅಂಗಡಿಯ ತಕ್ಕಡಿಯ ಮೇಲೆ ಮಿತ್ರಾ ಹನ್ನೊಂದು ಕೇಜಿ ಇದ್ದಳು. ಕೊಟ್ರಮ್ಮನವರು ಮಗಳಿಗೆ ಫೋನು ಹಚ್ಚಿ ಕೇಳಿದರು. ಅಲ್ಲಿನ ಕೂಸು ಹನ್ನೆರಡು. ಅವರ ಮುಖದಲ್ಲಿ ಒಂದು ತೃಪ್ತಿ ಬಂದು ಹೋಯಿತು. ಆಮೇಲೆ ಯೋಚಿಸಿ, "ಭೀಮ್ಯಾ, ಕಾರಾಗ ಬೆಲ್ಲ ಐತಲ್ಲ, ತಗಂಬಾ" ಅಂದರು. ತಂದ. ಬೆಲ್ಲದ ಪೊಟ್ಟಣವನ್ನು ಅವರು ಮಿತ್ರಾಳ ತೊಡೆಯ ಮೇಲಿಟ್ಟು, "ಈಗ ತಿರುಗಿಸಪ್ಪ. ಈಗ ಸಮ ಆತು" ಅಂದರು. ತೂಕದಿಂದ ಏನೂ ವ್ಯತ್ಯಾಸವಾಗುವುದಿಲ್ಲ, ಹದಿನೆಂಟು ಕೇಜಿ ತನಕ ತಡೆಯುತ್ತದೆ ಎಂದು ಶ್ರೀನಿವಾಸ ಮೆಲ್ಲಗೆ ಹೇಳಿದ. ಅವರು ಕೇಳಲಿಲ್ಲ. ಕೂಸು ಬೆಲ್ಲವನ್ನು ತಬ್ಬಿಕೊಂಡು ತಿರುಗಿತು. ಮೂಲೆ ಹರಿದು ನೆಕ್ಕಲು ನೋಡಿತು. "ಏ, ಬ್ಯಾಡ" ಎಂದು ಗದರಿದವರು ಕೊಟ್ರಮ್ಮನವರೋ ಭೀಮೇಶನೋ. ಅವನೇ. ಆ ಗದರಿಕೆ ತನ್ನ ಗಂಟಲಿನಿಂದಲೇ ಬಂದದ್ದು ಎಂದು ಗೊತ್ತಾಗಲು ಅವನಿಗೆ ಸ್ವಲ್ಪ ಹೊತ್ತು ಹಿಡಿಯಿತು. ಮಂಜಮ್ಮ ತಿಂಗಳು ತಿಂಗಳೂ ತೂಗಿ ಬರೆಯುವ ಆ ಹನ್ನೊಂದು ಕೇಜಿ, ಎರಡು ಸಲ ಜ್ವರ ಬಂದು ಇಳಿದು ಮತ್ತೆ ಮೊಟ್ಟೆ ತಿನ್ನಿಸಿ ಏರಿಸಿಕೊಂಡ ಹನ್ನೊಂದು ಕೇಜಿ, ಇಲ್ಲಿ ಬೆಲ್ಲ ಇಟ್ಟು ಸರಿಮಾಡಬೇಕಾದ ಕೊರತೆಯಾಗಿ ಕೂತಿತ್ತು.

ಕೊಂಡದ್ದಾಯಿತು. ಶ್ರೀನಿವಾಸನೇ ಬಂದು ಕಾರಿನ ಹಿಂದಿನ ಸೀಟಿನಲ್ಲಿ ಅದನ್ನು ಕೊಂಡಿಗೆ ಕಚ್ಚಿಸಿ, ಅದರ ಕಾಲನ್ನು ನೆಲಕ್ಕೆ ಊರಿಸಿ, ಹಿಂದಕ್ಕೆ ಮುಖ ಮಾಡಿ ನಿಲ್ಲಿಸಿದ. ಭೀಮೇಶ ಮಗಳನ್ನು ಮುಂದಿನ ಸೀಟಿಗೆ ಹತ್ತಿಸುತ್ತಿದ್ದಾಗ ಕೊಟ್ರಮ್ಮನವರು, "ಖಾಲಿ ತೊಟ್ಲ ತೂಗಬಾರ್ದು. ಕೊಟ್ಟೂರು ತನಕ ನಿನ್ನ ಕೂಸು ಅದ್ರಾಗ ಕುಂತು ಬರ್ಲಿ" ಅಂದರು. ಅವನಿಗೆ ನಂಬಿಕೆಯಾಗಲಿಲ್ಲ. ಹೊಚ್ಚ ಹೊಸ ಸೀಟು, ಮೊಮ್ಮಗಳು ಇನ್ನೂ ಕೂತಿಲ್ಲ. ಅದರಲ್ಲಿ, ತಮ್ಮ ಮಗ್ಗುಲಲ್ಲೇ, ಅವನ ಮಗಳನ್ನು. ಕಣ್ಣಲ್ಲಿ ನೀರು ಬಂದಿತೋ ಏನೋ, ಬಾಗಿ ಬೆಲ್ಟು ಹಾಕುವ ನೆಪದಲ್ಲಿ ಮುಖ ತಗ್ಗಿಸಿದ. ದೊಡ್ಡ ಮನಸು ನಿಮ್ದು ಅಮ್ಮಾರ ಅಂದ. ಅಂದ ಮಾತನ್ನು ಊರು ಬಿಡುವ ತನಕ ಬಾಯೊಳಗೆ ಸವಿದ. ಎರಡೂ ಕೈ ಸ್ಟೇರಿಂಗಿನ ಮೇಲಿದ್ದವು. ಬೆಳಿಗ್ಗೆ ಹಿಡಿದಿಟ್ಟ ಉಸಿರನ್ನು ಪೂರಾ ಬಿಟ್ಟ. ಮಂಜಮ್ಮನಿಗೆ ಹೇಳಬೇಕು: ನೀ ತಪ್ಪು ತಿಳ್ಕಂಡಿ, ಅಕಿ ರಾಣಿ ಹಂಗ ಬಂದ್ಲು. ರಸ್ತೆ ಚೆನ್ನಾಗಿತ್ತು. ಬಿಸಿಲು ಚೆನ್ನಾಗಿತ್ತು. ಎದುರು ಬಂದ ಲಾರಿಯವನಿಗೆ ಸುಮ್ಮನೆ ಕೈ ಎತ್ತಿದ.

ಅರ್ಧ ದಾರಿಗೆ ಹಡಗಲಿಯಿಂದ ಕೊಟ್ರಮ್ಮನವರ ತಂಗಿಯ ಫೋನು ಬಂತು. ಸೀಟಿನ ಬಣ್ಣ, ಅದು ತಿರುಗುವ ಬಗೆ, ಶೃತಿಯ ಸೊಂಟ, ಈಗ ಅದರಲ್ಲಿ ಡ್ರೈವರನ ಕೂಸು ಕೂತಿರುವುದು, ಎಲ್ಲ ಹೇಳಿದರು. ಆಮೇಲೆ ಅತ್ತಲಿಂದ ಏನೋ ಕೇಳಿರಬೇಕು, ಇವರು ನಕ್ಕರು. "ಅಯ್, ಇರ್ಲಿ ಬಿಡ. ತೊಟ್ಲಕ್ಕ ಮೊದ್ಲು ಗುಂಡಕಲ್ಲು ಹಾಕಂಗಿಲ್ಲೇನು? ಹಂಗ ತಿಳ್ಕ. ಕಬ್ಬಿಣದ ಸಾಮಾನು, ಗಾಡಿ ಸಾಮಾನು. ಏನಾರ ಪೀಡಾ ಇದ್ರ ಇದಕ್ಕ ತಗಲಿ ಹೋಗ್ಲಿ. ನಮ್ಮ ಕೂಸಿಗ್ಯಾಕ." ದನಿ ತಗ್ಗಿಸಿ ಹೇಳಲಿಲ್ಲ. ಅದೇ ಅವನನ್ನು ಇರಿದದ್ದು. ಗುಟ್ಟು ಎಂದಾದರೂ ಹೇಳಿದ್ದರೆ ಅವನಿಗೊಂದು ಕಿವಿ ಇದೆ ಎಂದು ಒಪ್ಪಿದ ಹಾಗಾಗುತ್ತಿತ್ತು. ಸ್ಟೇರಿಂಗಿಗೆ ಕಿವಿ ಇರುತ್ತದೆಯೇ, ಗೇರಿಗೆ ಇರುತ್ತದೆಯೇ. ಮಾತು ಬೆಲ್ಲದ ದರಕ್ಕೆ ಹೊರಳಿತು.

ಗುಂಡಕಲ್ಲು. ಮಿತ್ರಾಳ ಹೆಸರಿಟ್ಟ ದಿನ ಅತ್ತೆ ಸುಂಕಮ್ಮ ಅರೆಯುವ ಗುಂಡನ್ನು ತೊಳೆದು, ಕುಂಕುಮ ಹಚ್ಚಿ, ಕುಲಾವಿ ತೊಡಿಸಿ, ಕೂಸಿಗಿಂತ ಮೊದಲು ತೊಟ್ಟಿಲಲ್ಲಿ ಮಲಗಿಸಿದ್ದಳು. ಇದೆಲ್ಲ ಯಾಕೆ ಎಂದು ಅವನು ತಕರಾರು ತೆಗೆದಿದ್ದ. ಓದುವ ಬಳಗದಲ್ಲಿ ಕಲಿತ ಬೌದ್ಧ ಹೆಸರು ಇಡುವಾಗ ಕಲ್ಲಿನ ಜೋಗುಳ ಯಾಕೆ. ಕಲ್ಲಿನಂಗ ಗಟ್ಟಿ ಆಗ್ಲೆಪ್ಪ ಅಂತ ಎಂದು ಅತ್ತೆ ನಕ್ಕಿದ್ದಳು. ಹೆಂಗಸರು ಆ ಕಲ್ಲನ್ನು ಕೈಯಿಂದ ಕೈಗೆ ದಾಟಿಸಿದರು, ಅದಕ್ಕೂ ಜೋಗುಳ ಹಾಡಿದರು, ಕೆಳಗಿಡುವಾಗ ಮೆತ್ತಗೆ ಇಟ್ಟರು. ಕಲ್ಲಿಗಾದರೂ ಕುಂಕುಮ ಇತ್ತು. ಅವನ ಮಗಳಿಗೆ ಬೆಳಗಿನಿಂದ ಒಂದು ಬಿಸ್ಕೀಟು ಕೇಳಿದವರಿಲ್ಲ. ಅಳತೆ ಎಂದುಕೊಂಡಿದ್ದ, ಅಳತೆಯಾದರೂ ಬುದ್ಧಿಯ ಮಾತು, ಸಿಬಿರಿನ ಕೆಲಸ. ಇದು ಅದಲ್ಲ. ತಾತನನ್ನು ಅಂಗಳದಲ್ಲಿ ಬಗ್ಗಿಸಿದರು, ಆದರೆ ನಮ್ಮ ಪೀಡೆ ನೀನು ಹೊತ್ತು ಹೋಗು ಎಂದು ಮರಳಿನ ಮೇಲೆ ಬರೆದಿರಲಿಲ್ಲ. ಅಥವಾ ಬರೆದಿತ್ತೋ, ತಾತನಿಗೆ ಓದಲು ಬರುತ್ತಿರಲಿಲ್ಲವೋ. ದೊಡ್ಡ ಮನಸು ನಿಮ್ದು ಅಂದ ನಾಲಿಗೆಯನ್ನು ಕಚ್ಚಿಕೊಂಡ. ರಕ್ತದ ರುಚಿ ಬಂತು.

ಪೀಡೆ ಎಂಬುದಿಲ್ಲ. ಅವನಿಗೆ ಗೊತ್ತು. ಇಲ್ಲವೆಂದು ಹತ್ತು ಹಳ್ಳಿಯಲ್ಲಿ ಹೇಳಿ ಬಂದವನು. ಆದರೂ ಕನ್ನಡಿಯಲ್ಲಿ ಹುಡುಕಿದ. ಹಿಂದಕ್ಕೆ ಮುಖ ಮಾಡಿದ ಸೀಟಿನಲ್ಲಿ ಮಗಳು ಕಾಣುತ್ತಿರಲಿಲ್ಲ, ಸೀಟಿನ ಕಪ್ಪು ಬೆನ್ನು ಮಾತ್ರ. ಬೆಳಗಿನಿಂದ ಅಷ್ಟು ಬಾಯಿ ಬಡಿಯುತ್ತಿದ್ದವಳು ಈಗ ಸುಮ್ಮನಿದ್ದಳು. ಯಾಕೆ ಸುಮ್ಮನಿದ್ದಾಳೆ? ಉಸಿರಾಡುತ್ತಿದ್ದಾಳೆಯೇ? ಕತ್ತು ವಾಲಿದೆಯೇ? ಕಾರು ನಿಲ್ಲಿಸಿ ಮೂಗಿಗೆ ಬೆರಳು ಹಿಡಿದು ನೋಡಬೇಕು ಅನಿಸಿತು. ಆಗಲೇ ಅವನಿಗೆ ನಿಜವಾದ ಸಿಟ್ಟು ಬಂದದ್ದು. ಅವರು ಹೇಳಿದ್ದಕ್ಕಲ್ಲ, ಅವರು ಹೇಳಿದ್ದು ತನ್ನೊಳಗೆ ಹೊಕ್ಕು ಅಂಜಿಕೆಯಾಗಿ ಕೂತದ್ದಕ್ಕೆ. ಇಷ್ಟು ಓದಿ, ಇಷ್ಟು ಮಾತಾಡಿ, ಮಗಳಿಗೆ ಅಂಥ ಹೆಸರಿಟ್ಟು, ಇವರ ಒಂದು ಫೋನಿನ ಮಾತಿಗೆ ತನ್ನ ಕೂಸನ್ನು ತಾನೇ ಪೀಡೆ ತಗಲಿದ ಕೂಸೆಂದು ಕನ್ನಡಿಯಲ್ಲಿ ಹುಡುಕಿದೆನಲ್ಲ. ಕೆಲಸ ಕೊಟ್ಟವರು ಕೈಕಾಲು ಕೇಳಬಹುದು, ಹೊತ್ತು ಕೇಳಬಹುದು. ಅಂಜಿಕೆಯನ್ನೂ ಇವರೇ ಹೇಳಿಕೊಡುವುದೇ.

ಕೊಟ್ಟೂರು ಇನ್ನು ಒಂದು ಫರ್ಲಾಂಗು ಇದ್ದಂತೆ, ಎರಡು ಹೊಲದ ದಾರಿಗಳು ಬಂದು ಡಾಂಬರು ರಸ್ತೆಯನ್ನು ಕೂಡುವಲ್ಲಿ ಚೌಡಕ್ಕ ಎಂಬವಳ ಗೂಡಂಗಡಿ ಇದೆ. ಜನ ದೃಷ್ಟಿ ನಿವಾಳಿಸಿದ ನಿಂಬೆಹಣ್ಣು, ಮೆಣಸಿನಕಾಯಿ ಎಸೆದು ಹೋಗುವ ಜಾಗವೂ ಅದೇ. ಅಲ್ಲಿ ನಿಲ್ಲಿಸು ಎಂದರು ಕೊಟ್ರಮ್ಮನವರು. ನಿಲ್ಲಿಸಿದ. ಅವರು ಬೇಜಾರಿನಿಂದಲೂ ಹೇಳಲಿಲ್ಲ, ಕೋಪದಿಂದಲೂ ಹೇಳಲಿಲ್ಲ. ತರಕಾರಿ ಚೀಲ ಇಳಿಸಲು ಹೇಳುವ ದನಿಯಲ್ಲಿ ಹೇಳಿದರು. "ಕೂಸನ್ನ ಇಲ್ಲೇ ಇಳಿಸು. ಮನಿ ಬಾಗ್ಲ ತನಕ ಬ್ಯಾಡ. ಚೌಡಕ್ಕನ ಕೈಯಾಗ ಕೊಟ್ಟು ನಿನ್ನ ಹೆಂಡ್ತಿಗೆ ಫೋನ್ ಹಚ್ಚು, ಬಂದು ಒಯ್ತಾಳ. ಇಳಿಸಿದ್ಮ್ಯಾಗ ಹೊಳ್ಳಿ ನೋಡಬ್ಯಾಡ, ಸೀದಾ ಗಾಡಿ ಹೊಡಿ."

ಅವನು ಇಳಿದ. ಹಿಂದಿನ ಬಾಗಿಲು ತೆಗೆದ. ಸನ್ನೆ ಒತ್ತಿ ಸೀಟು ತಿರುಗಿಸಿದ. ಒಂದೇ ಕೈಗೆ, ಎಣ್ಣೆ ಹಾಕಿದ ಹಾಗೆ ತಿರುಗಿ, ಮಗಳು ಅವನ ಎದುರಿಗೆ ಬಂದಳು. ನಿದ್ದೆ ಮಾಡುತ್ತಿದ್ದಳು. ತುಟಿಯ ಮೇಲೆ ಬೆವರಿನ ಹನಿ, ಒಂದು ಮುಷ್ಟಿಯಲ್ಲಿ ಬೆಲ್ಟು, ಹೊಟ್ಟೆ ಏರಿ ಇಳಿಯುತ್ತಿತ್ತು. ಅವನ ಬೆರಳು ಕೆಂಪು ಗುಂಡಿಯ ಮೇಲೆ ಬಂದು ನಿಂತಿತು. ಚೌಡಕ್ಕ ಅಂಗಡಿಯಿಂದ ಕತ್ತು ಚಾಚಿ ನೋಡುತ್ತಿದ್ದಳು. ಕಾಲ ಬಳಿ ಯಾರೋ ಎಸೆದ ನಿಂಬೆಹಣ್ಣು ಒಣಗಿ ಕಪ್ಪಾಗಿತ್ತು. ಸಾಲ ಮಾಡಿ ಕೊಂಡ ಬೈಕಿನ ಕಂತು, ಮಂಜಮ್ಮನ ಅರೆಬರೆ ಗೌರವಧನ, ಮನೆಯ ತಗಡು, ಎಲ್ಲ ಆ ಬೆರಳಿನ ತುದಿಗೆ ಬಂದು ಕೂತು, ಒತ್ತು, ಒತ್ತಿಬಿಡು, ಐದು ನಿಮಿಷದ ಮಾತು, ಅವಳಿಗೆ ಗೊತ್ತೂ ಆಗುವುದಿಲ್ಲ ಎಂದವು. ನಿಜ, ಅವಳಿಗೆ ಗೊತ್ತಾಗುವುದಿಲ್ಲ. ಎಷ್ಟು ಕೂಸುಗಳಿಗೆ ಗೊತ್ತಾಗದೆ ಹೋಗಿದೆ.

ಬೆರಳು ತೆಗೆದ. ಸೀಟನ್ನು ಮತ್ತೆ ಒಳಕ್ಕೆ ತಿರುಗಿಸಿದ. ಅದು ಕಟ್ ಎಂದು ಕಚ್ಚಿಕೊಂಡಿತು.

"ಯಾಕ ಭೀಮ್ಯಾ," ಅಂದರು ಕೊಟ್ರಮ್ಮನವರು, ಅತ್ತ ಬಾಗಿ ನೋಡುತ್ತ. "ಬೆಲ್ಟ್ ಸಿಕ್ಕಂಡೈತೇನು?"

"ಬೆಲ್ಟ್ ಬಿಚ್ಚಾಕ ಬರ್ತೈತ್ರಿ ಅಮ್ಮಾರ," ಅಂದ ಭೀಮೇಶ. "ನಾ ಇಳಿಸಂಗಿಲ್ಲ."